ಅತ್ತೆಯ ಮ್ಯಾಟಿನಿ ಸುವಾರ್ತೆ

ನಮ್ಮ ಅತ್ತೆಯನ್ನು ಯಾವ ಸಿನಿಮಾಕ್ಕೆ ಬೇಕಾದರೂ ಕರೆದುಕೊಂಡು ಹೋಗಿ ಕೂರಿಸಿ, ಇಂಟರ್ವಲ್ಲಿಗೆ ಮುಂಚೆ ಅದರಲ್ಲಿ ಯೇಸುಸ್ವಾಮಿ ಎಲ್ಲಿದ್ದಾರೆಂದು ಹುಡುಕಿ ತೋರಿಸದಿದ್ದರೆ ನನ್ನನ್ನು ಕೇಳಿ! ಆ ಸಿನಿಮಾ ತೆಗೆದವರಿಗೆ ಅದು ಗೊತ್ತಿರುತ್ತಿರಲಿಲ್ಲ. ಅದರಲ್ಲಿ ಕುಣಿದವರಿಗೆ ಗೊತ್ತಿರುತ್ತಿರಲಿಲ್ಲ. ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆಯುವವರಿಗಂತೂ ಕನಸಿನಲ್ಲೂ ಹೊಳೆಯುತ್ತಿರಲಿಲ್ಲ. ಅತ್ತೆಗೆ ಮಾತ್ರ ಗೊತ್ತಾಗಿಬಿಡುತ್ತಿತ್ತು. ಗೊತ್ತಾದದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ತೆಪ್ಪಗೆ ಮನೆಗೆ ಬರಬಹುದಿತ್ತಲ್ಲ? ಉಹೂಂ! ಸ್ವಾಮಿಯನ್ನು ಕಂಡವರು ಬಾಯಿ ಮುಚ್ಚಿಕೊಂಡಿರಲು ಆಗುತ್ತದೆಯೇ ಎಂದು ನಮ್ಮನ್ನೇ ತಿರುಗಿ ಕೇಳುತ್ತಿದ್ದರು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಬಹುಕಾಲ ನರ್ಸ್ ಆಗಿದ್ದು, ಎಂಬತ್ತರ ದಶಕದ ನಡುವಿನಲ್ಲಿ ನಿವೃತ್ತರಾಗಿ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದು ಸೇರಿದರು. ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ಕೂಗಿ ಕೂಗಿ ಅವರ ಗಂಟಲಿಗೆ ಪಿಸುಮಾತು ಎನ್ನುವುದೇ ಮರೆತುಹೋಗಿತ್ತು. ಅವರು ಅಮ್ಮನ ಕಿವಿಯಲ್ಲಿ ಒಂದು ಗುಟ್ಟು ಹೇಳಿದರೆ ಎದುರುಮನೆಯವರು ಕಿಟಕಿಯಿಂದಲೇ "ಹೌದಾ ಸಿಸ್ಟರ್?" ಎನ್ನುತ್ತಿದ್ದರು.

ಇಂಥವರು ಬಂದು ಸೇರಿದ್ದು ಎಂಥ ಮನೆಗೆ? ಹೆದರುಪುಕ್ಕಲರ ಮನೆಗೆ! ಅಪ್ಪ ಬಾಗಿಲಿಗೆ ಬೀಗ ಹಾಕಿ ಎಳೆದು ನೋಡಿ, ಬೀದಿಯ ಕೊನೆಯವರೆಗೆ ಹೋಗಿ, ವಾಪಸು ಬಂದು ಮತ್ತೆ ಎಳೆದು ನೋಡುವವರು. ಬಸ್ಸಿನಲ್ಲಿ ಕೂತ ಮೇಲೂ "ಇದು ನಮ್ಮೂರಿಗೇ ಹೋಗುತ್ತೆ ತಾನೆ?" ಎಂದು ಕಂಡಕ್ಟರನ್ನು ಕೇಳಿ, ಸಾಲದೆಂದು ಪಕ್ಕದವನನ್ನೂ ಕೇಳುವವರು. ನಾನು ಅವರದೇ ಮಗಳು, ಬೇರೆ ಹೇಗಿರಲಿ? ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ನಮ್ಮ ಚರ್ಚಿನ ಸಭೆಗೆ ಕಾರ್ಯದರ್ಶಿಯೂ ಆಗಿದ್ದರು. ಸಭೆಯ ಪಾದ್ರಿಗಳಾದ ಅಯ್ಯನವರು ಬಹಳ ಒಳ್ಳೆಯವರು, ಆದರೆ ಸಿನಿಮಾದ ಮಾತೆತ್ತಿದರೆ ಮುಖ ಕೆಂಪಗಾಗುತ್ತಿತ್ತು. ಟಾಕೀಸಿನ ಬಾಗಿಲೂ ನರಕದ ಬಾಗಿಲೂ ಒಂದೇ ಗೋಡೆಗೆ ಇವೆ ಎಂದು ವರ್ಷಕ್ಕೊಮ್ಮೆಯಾದರೂ ಪ್ರಸಂಗ ಮಾಡುತ್ತಿದ್ದರು. ಅಪ್ಪ ಆ ಟಾಕೀಸಿರುವ ಬೀದಿಯನ್ನೇ ಬಿಟ್ಟು ಸುತ್ತಿಕೊಂಡು ಕಚೇರಿಗೆ ಹೋಗುತ್ತಿದ್ದರು. ಅಷ್ಟು ಭಯ!

ಅತ್ತೆಯೂ ಮೊದಲು ಸಿನಿಮಾ ನೋಡಿದವರಲ್ಲ. ನಿವೃತ್ತರಾದ ಮೇಲೆ ಭಾನುವಾರ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ಸಭೆಯವರು ಅವರಿಗೆ ಒಪ್ಪಿಸಿದರು. ಮಕ್ಕಳು ಬರುತ್ತಿದ್ದವು, ಕೂರುತ್ತಿದ್ದವು, ನಿದ್ದೆ ಮಾಡುತ್ತಿದ್ದವು. ಒಂದು ದಿನ ಅತ್ತೆ ಕಳೆದುಹೋದ ಕುರಿಯ ಕಥೆ ಹೇಳುವಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ದಡಕ್ಕನೆ ಎದ್ದು ಕೂತು, "ಇದು ನಂಗೊತ್ತು ಸಿಸ್ಟರ್! ಸಂತೇಲಿ ಮಗು ಕಳ್ದೋಗುತ್ತೆ, ಅವರಮ್ಮ ಹುಡುಕ್ಕೊಂಡ್ ಹುಡುಕ್ಕೊಂಡ್ ಬಾಂಬೆಗೆ ಹೋಗ್ತಾಳೆ, ನಾನು ನೋಡಿದೀನಿ!" ಎಂದಳಂತೆ. ಎಲ್ಲ ಮಕ್ಕಳಿಗೂ ಎಚ್ಚರವಾಯಿತು. ಎಲ್ಲರೂ ನೋಡಿದ್ದರು! ಯಾವ ಮಗುವೂ ಕುರಿಗಾಗಿ ಅತ್ತಿರಲಿಲ್ಲ, ಆ ತಾಯಿಗಾಗಿ ಎಲ್ಲರೂ ಅತ್ತಿದ್ದರು.

ಮಾರನೆಯ ದಿನವೇ ಅತ್ತೆ ಕೊಡೆ ಹಿಡಿದು ಮ್ಯಾಟಿನಿಗೆ ಹೊರಟರು. ಸಂಜೆ ಬಂದಾಗ ಕಣ್ಣು ಟೊಮೊಟೊ ಹಣ್ಣಿನಂತಾಗಿತ್ತು. "ಅಯ್ಯೋ, ಏನಾಯ್ತು?" ಎಂದು ಅಮ್ಮ ಓಡಿಬಂದರೆ, "ಸಿಕ್ಕಿದ್ಲು ಕಣಮ್ಮ, ಮಗು ಸಿಕ್ಕಿದ್ಲು! ತೊಂಬತ್ತೊಂಬತ್ತು ಕುರೀನೂ ಬಿಟ್ಟು ಕಳ್ದೋದ ಒಂದನ್ನ ಹುಡುಕ್ಕೊಂಡು ಹೋದ್ರಲ್ಲಮ್ಮ ಸ್ವಾಮಿ!" ಎಂದು ಜೋರಾಗಿ ಅಳತೊಡಗಿದರು. ಎದುರುಮನೆಯವರು ಯಾವ ಮಗು ಕಳೆದಿತ್ತೆಂದು ವಿಚಾರಿಸಲು ಬಂದರು.

ಅಪ್ಪನಿಗೆ ಆ ರಾತ್ರಿ ಊಟ ಸೇರಲಿಲ್ಲ. ಅಕ್ಕನಿಗೆ ಎದುರು ಹೇಳುವ ಧೈರ್ಯವಿಲ್ಲ, ಅಯ್ಯನವರಿಗೆ ತಿಳಿದರೆ ಎನ್ನುವ ದಿಗಿಲು ಬೇರೆ. ಕೊನೆಗೆ ಕಂಡುಕೊಂಡ ಉಪಾಯ ನಾನು! "ಅಕ್ಕ ಹೋಗೋದ್ನ ನಿಲ್ಸಕ್ಕಾಗಲ್ಲಮ್ಮ. ನೀನು ಜೊತೇಲಿ ಹೋಗು. ಅಲ್ಲಿ ಬಾಯಿ ಮಾತ್ರ ತೆಗೆಯೋಕೆ ಬಿಡ್ಬೇಡ" ಎಂದರು. ಬಾಯಿ ಮುಚ್ಚಿಸುವುದು ಹೇಗೆ? ಕಡಲೇಕಾಯಿ! ಕತ್ತಲಲ್ಲಿ ಒಂದೇ ಸಮನೆ ಸುಲಿದು ಅವರ ಅಂಗೈಗೆ ಸುರಿಯುತ್ತಿದ್ದೆ. ಎಲ್ಲರೂ ಸಿನಿಮಾ ನೋಡುತ್ತಿದ್ದರೆ ನಾನು ಅತ್ತೆಯ ದವಡೆ ನೋಡುತ್ತಿದ್ದೆ. ಅದು ಅಲ್ಲಾಡುವುದು ನಿಂತರೆ ಇನ್ನೊಂದು ಹಿಡಿ ಸುರಿಯುತ್ತಿದ್ದೆ.

ಅತ್ತೆಯ ಕಣ್ಣಿಗೆ ಎಲ್ಲವೂ ಸುವಾರ್ತೆಯೇ. ಮಳೆಯಲ್ಲಿ ಹಾಡು ಬಂದರೆ ದೀಕ್ಷಾಸ್ನಾನ. ತಮ್ಮನ ತಪ್ಪನ್ನು ಅಣ್ಣ ಹೊತ್ತುಕೊಂಡು ಜೈಲಿಗೆ ಹೋದರೆ ಅದಂತೂ ಶಿಲುಬೆಯೇ, ವಿವರಿಸುವುದೇ ಬೇಡ. ಬಣ್ಣಬಣ್ಣದ ದೀಪ, ಹೊಗೆ, ಬೋಳುತಲೆಯ ರೌಡಿಗಳಿರುವ ಖಳನಾಯಕನ ಅಡ್ಡೆ ಸಾಕ್ಷಾತ್ ನರಕ. "ಅಲ್ಲ ಅತ್ತೆ, ನರಕದಲ್ಲಿ ಅಷ್ಟು ಚೆನ್ನಾಗಿರೋ ಸೋಫಾ ಇರುತ್ತಾ?" ಎಂದರೆ, "ಕೂತ್ಕೊಳ್ಳೋ ತನಕ ಚೆನ್ನಾಗಿರುತ್ತೆ ಕಣೇ!" ಗಡಿಯ ಕಡೆಯವರಾದ ನಮಗೆ ತೆಲುಗೂ ಬರುತ್ತಿತ್ತು. ಆ ಸಿನಿಮಾಗಳ ಬಗ್ಗೆ ಅವರ ಅಭಿಪ್ರಾಯ ಒಂದೇ: "ಸ್ವಾಮಿ ಒಬ್ಬರೇ ಕಣೇ. ತೆಲುಗಲ್ಲಿ ಸ್ವಲ್ಪ ಸ್ಪೀಡು."

ಒಂದೇ ಒಂದು ಸಲ ಅತ್ತೆ ಸೋಲುವ ಹಾಗೆ ಕಂಡಿತ್ತು. ಅದು ಹಾವಿನ ಸಿನಿಮಾ. ಅನಾಥ ಮಗುವನ್ನು ಒಂದು ನಾಗರಹಾವು ಹೆಡೆಯೆತ್ತಿ ಕಾಪಾಡುವ ಕಥೆ. ನಮಗೋ, ಹಾವು ಎಂದರೆ ಏದೆನ್ ತೋಟದ ಸೈತಾನ! ಅತ್ತೆ ಒಂದು ಮಾತೂ ಆಡದೆ ಮನೆಗೆ ಬಂದರು. ರಾತ್ರಿ ಉಣ್ಣಲಿಲ್ಲ. ನನಗೆ ಒಳಗೊಳಗೇ ಆಸೆ: ಸದ್ಯ, ಈ ಹಾವಿನಿಂದಲಾದರೂ ಇದು ಮುಗಿಯಲಿ! ಬೆಳಗ್ಗೆ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದವರು "ಸಿಕ್ತು! ಸಿಕ್ತು ಕಣೇ!" ಎಂದು ಕೂಗಿದ ರಭಸಕ್ಕೆ ಅಮ್ಮನ ಕೈಯಿಂದ ಹಾಲಿನ ಪಾತ್ರೆ ಜಾರಿತು. ಅಡವಿಯಲ್ಲಿ ಮೋಶೆ ಕಂಬದ ಮೇಲೆ ಎತ್ತಿ ನಿಲ್ಲಿಸಿದ ಕಂಚಿನ ಸರ್ಪ ನೆನಪಾಗಿತ್ತು! ಹಾವು ಕಚ್ಚಿದವರು ಅದನ್ನು ನೋಡಿದರೆ ಬದುಕುತ್ತಿದ್ದರಂತೆ, ಅದು ಶಿಲುಬೆಯ ಮೇಲಿನ ಸ್ವಾಮಿಯ ಗುರುತಂತೆ. "ಆದ್ರೆ ಈ ಹಾವು ಡ್ಯಾನ್ಸ್ ಮಾಡುತ್ತಲ್ಲ ಅತ್ತೆ?" ಎಂದೆ. "ಮಗು ಬದುಕ್ತಲ್ಲ, ಸಂತೋಷಕ್ಕೆ!" ಎಂದರು.

ಚಿಕ್ಕಬಳ್ಳಾಪುರದಲ್ಲಿ ಸಭೆಯವರ ಕಣ್ಣು ತಪ್ಪಿಸುವುದು ಕಷ್ಟವೆಂದು ನಾನು ಅವರನ್ನು ಶಿಡ್ಲಘಟ್ಟಕ್ಕೆ ಸಾಗಿಸತೊಡಗಿದೆ. ಅದು ಇನ್ನೂ ದೊಡ್ಡ ಫಜೀತಿಯಾಯಿತು. ಅಲ್ಲಿ ಅರ್ಧ ಟಾಕೀಸು ಅವರ ಕೈಯಲ್ಲೇ ಹುಟ್ಟಿತ್ತು! ಒಂದು ಮಧ್ಯಾಹ್ನ ತೆರೆಯ ಮೇಲೆ ನಾಯಕ ತನ್ನನ್ನು ಇರಿದವನ ಕೈ ಹಿಡಿದು ಕ್ಷಮಿಸಿದ. ನನ್ನ ಕಡಲೇಕಾಯಿ ಮುಗಿದಿತ್ತು. ಅತ್ತೆ ಎದ್ದು ನಿಂತು "ಸ್ವಾಮಿಗೆ ಸ್ತೋತ್ರ!" ಎಂದು ಗುಡುಗಿದರು. ಮುಂದಿನ ಬೆಂಚಿನವರೆಲ್ಲ ತಿರುಗಿದರು. ಗೇಟ್‌ಕೀಪರ್ ಬ್ಯಾಟರಿ ಬಿಟ್ಟುಕೊಂಡು ಓಡಿಬಂದು, "ಯಾರ್ರೀ ಅದು ಕೂಗಿದ್ದು? ಕೂತ್ಕೊಳ್ರೀ!" ಎಂದ.

ಅತ್ತೆ ಬ್ಯಾಟರಿ ಬೆಳಕಿನಲ್ಲಿ ಅವನನ್ನೇ ದಿಟ್ಟಿಸಿದರು. "ಏನೋ, ನನಗೇ ಸುಮ್ನಿರು ಅಂತೀಯಾ? ಹುಟ್ಟಿದಾಗ ಉಸಿರೇ ಇಲ್ದೆ ನೀಲಿಯಾಗಿದ್ದೆ. ಎರಡು ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ತಟ್ಟಿದ್ಮೇಲಲ್ವಾ ನೀನು ಕೂಗಿದ್ದು? ಅವತ್ತು ನಾನು ಸುಮ್ನಿರು ಅಂದ್ನಾ?"

ಟಾಕೀಸು ಹೋ ಎಂದು ನಕ್ಕಿತು. ಗೇಟ್‌ಕೀಪರ್ ಬ್ಯಾಟರಿ ಆರಿಸಿಕೊಂಡು, ಇಂಟರ್ವಲ್ಲಿನಲ್ಲಿ ಸೋಡಾ ತಂದುಕೊಟ್ಟ. ಪಕ್ಕದಲ್ಲಿ ಕೂತಿದ್ದ, ರೇಷ್ಮೆಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಮನೆಯ ಬೀಬಮ್ಮ ಅತ್ತೆಯ ಹಳೆಯ ಪರಿಚಯ. ಆಕೆಯ ಮಕ್ಕಳೆಲ್ಲರ ಹೆರಿಗೆಯನ್ನೂ ಮಾಡಿಸಿದವರು ಅತ್ತೆಯೇ. ಆಕೆ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡು ಹೇಳಿದಳು: "ಮಾಫ್ ಮಾಡಿದ್ದು ಬಹುತ್ ಅಚ್ಛಾ ಸಿಸ್ಟರಮ್ಮ. ಮೊದ್ಲು ನಾಲ್ಕು ಒದ್ದು ಆಮೇಲೆ ಮಾಫ್ ಮಾಡಿದ್ರೆ ಇನ್ನೂ ಚೆನ್ನಾಗಿರ್ತಿತ್ತು!" ಅತ್ತೆ ಸೋಡಾ ಕೆಳಗಿಟ್ಟು, "ಸ್ವಾಮಿ ಹಾಗೆ ಮಾಡಲ್ಲ ಬೀಬಮ್ಮ. ನಾನಾಗಿದ್ರೆ ಮಾಡ್ತಿದ್ದೆ" ಎಂದು ಒಪ್ಪಿಕೊಂಡರು.

ಹೀಗಿರುವಾಗ ನನಗೊಂದು ಸಂಬಂಧ ಬಂತು. ಚಿಂತಾಮಣಿಯ ಮನೆತನ, ಹುಡುಗ ಹೈಸ್ಕೂಲಿನಲ್ಲಿ ಮೇಷ್ಟ್ರು. ಎಲ್ಲ ಸರಿ, ಆದರೆ ಹುಡುಗನ ತಾಯಿ ರೇಡಿಯೋದಲ್ಲಿ ಸಿನಿಮಾ ಹಾಡು ಬಂದರೂ ಕಿವಿ ಮುಚ್ಚಿಕೊಳ್ಳುವವರಂತೆ! ಅವರು ಹೆಣ್ಣು ನೋಡಲು ಬರುವ ದಿನ ಅಪ್ಪ ಅತ್ತೆಯ ಮುಂದೆ ಕೈಮುಗಿದರು. "ಅಕ್ಕಾ, ಇವತ್ತೊಂದು ದಿನ ಸಿನಿಮಾ ಅನ್ನೋ ಪದ ಬಾಯಲ್ಲಿ ಬರಬಾರ್ದು."

"ನನಗೇನು ಅಷ್ಟು ಗೊತ್ತಾಗಲ್ವೇನಪ್ಪ?" ಎಂದರು ಅತ್ತೆ. ಆ ಪದ ಅವರ ಬಾಯಲ್ಲಿ ಬರಲೇ ಇಲ್ಲ, ನಿಜ. ಕಾಫಿ ಕುಡಿಯುವಾಗ ಹುಡುಗನ ತಾಯಿಯ ಪಕ್ಕ ಕೂತು, "ಒಬ್ಬ ಬಡವ ಇದ್ದ ಕಣಮ್ಮ, ಗಾಡಿ ಹೊಡೆಯೋನು" ಎಂದು ಶುರುಮಾಡಿದರು. ಬಾಗಿಲ ಸಂದಿಯಲ್ಲಿದ್ದ ನಾನು ಕಡಲೇಕಾಯಿಗಾಗಿ ಸುತ್ತ ನೋಡಿದೆ. ಆ ಬಡವ ಸಾಕುತಮ್ಮ ಮಾಡಿದ ಕೊಲೆಯ ಅಪವಾದವನ್ನು ತಾನು ಹೊತ್ತ. ಗಲ್ಲಿನ ಹತ್ತಿರ ನಿಂತ. ತಮ್ಮ ಬಿದ್ದು ಎದ್ದು ಓಡಿಬಂದು ನಿಜ ಒಪ್ಪಿಕೊಂಡ. ಹುಡುಗನ ತಾಯಿ ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದರು. "ದೇವರ ಪ್ರೀತಿಗೆ ಎಂಥ ಸಾಕ್ಷಿ ಸಿಸ್ಟರ್! ಯಾವೂರಲ್ಲಿ ನಡೆದಿದ್ದು ಇದು?"

ಸುಳ್ಳು ಹೇಳುವುದು ಅತ್ತೆಗೆ ಬರುತ್ತಿರಲಿಲ್ಲ. "ನಿಮ್ಮ ಚಿಂತಾಮಣೀಲೇ ನಡೀತಾ ಇದೆಯಲ್ಲಮ್ಮ, ಎರಡನೇ ವಾರ! ದಿನಾ ಮೂರು ಆಟ!"

ಅಪ್ಪ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಪ್ರಾರ್ಥನೆಯೇ ಇರಬೇಕು. ಆಗ, ಬಂದಾಗಿನಿಂದ ಒಂದು ಮಾತೂ ಆಡದಿದ್ದ ಹುಡುಗನ ತಂದೆ ಮೆಲ್ಲಗೆ ಹೇಳಿದರು: "ಎರಡನೇದಲ್ಲ ಸಿಸ್ಟರ್, ಮೂರನೇ ವಾರ..." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಹುಡುಗನ ತಾಯಿ ಗಂಡನ ಕಡೆ ತಿರುಗಿದ ತಿರುವನ್ನು ಯಾವ ನಿರ್ದೇಶಕನೂ ಮಾಡಿಸಲಾರ! ಹುಡುಗ ತಲೆ ತಗ್ಗಿಸಿ ನಗು ನುಂಗುತ್ತಿದ್ದ. ಆ ನಗು ನೋಡಿಯೇ ನಾನು ಒಪ್ಪಿಕೊಂಡೆ. ಅವರೂ ಒಪ್ಪಿಕೊಂಡರು. ಆಕೆಗೆ ನಮ್ಮ ಮನೆಯ ತಪ್ಪಿಗಿಂತ ತುರ್ತಾಗಿ ವಿಚಾರಿಸಬೇಕಾದ್ದು ತಮ್ಮ ಮನೆಯಲ್ಲೇ ಇತ್ತಲ್ಲ!

ಇದರಿಂದ ಅತ್ತೆಗೆ ಎಲ್ಲಿಲ್ಲದ ಧೈರ್ಯ ಬಂತು. ಆ ವರ್ಷದ ಕ್ರಿಸ್‌ಮಸ್‌ಗೆ ಭಾನುವಾರದ ಪಾಠದ ಮಕ್ಕಳಿಂದ ತಪ್ಪಿಹೋದ ಮಗನ ನಾಟಕ ಆಡಿಸುತ್ತೇನೆಂದರು. ಮನೆ ಬಿಟ್ಟು ಹೋಗಿ, ಎಲ್ಲ ಕಳೆದುಕೊಂಡು, ಹೊಟ್ಟೆಪಾಡಿಗೆ ಹಂದಿ ಕಾಯ್ದು ಬಂದ ಮಗನನ್ನು ತಂದೆ ಓಡಿಹೋಗಿ ತಬ್ಬಿಕೊಳ್ಳುವ ಕಥೆ. ಇದರಲ್ಲೇನು ಅಪಾಯ ಎಂದುಕೊಂಡೆವು. ಚಿಂತಾಮಣಿಯ ಬೀಗರನ್ನೂ ಕರೆದೆವು. ಮಗನ ಪಾತ್ರದ ಹುಡುಗ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂದಾಗಲೇ ಅಪ್ಪ ಕರವಸ್ತ್ರ ಹಿಂಡತೊಡಗಿದ್ದರು. ಹಂದಿ ಕಾಯುವ ಜಾಗದಲ್ಲಿ ಢಿಶುಂ ಢಿಶುಂ ಎಂದು ಒಂದು ಫೈಟ್ ಆಯಿತು. ಕೊನೆಗೆ ಮಗ ಬಾಗಿಲ ಹತ್ತಿರ ಕಂಡ. ಅತ್ತೆಯ ಶಾಲು ಹೊದ್ದ ತಂದೆ ಬಲಿಪೀಠದ ಹತ್ತಿರದಿಂದ ಓಡತೊಡಗಿದ. ಹೇಗೆ? ಸ್ಲೋಮೋಷನ್‌ನಲ್ಲಿ! ಒಂದೊಂದು ಕಾಲನ್ನೂ ನೀರಿನಿಂದೆತ್ತಿದಂತೆ ಎತ್ತಿ ಇಡುತ್ತ, ಎರಡೂ ಕೈ ಚಾಚಿ. ಮಕ್ಕಳೆಲ್ಲ ಸೇರಿ ಬಾಯಲ್ಲೇ ಪಿಟೀಲು ನುಡಿಸಿದರು. ಜನ ನಕ್ಕರು, ಕೆಲವರು ಅತ್ತರು. ನಾಟಕದ ತಂದೆ ಮಗ ತಬ್ಬಿಕೊಂಡ ಗಳಿಗೆಗೆ ಸರಿಯಾಗಿ ಚರ್ಚಿನ ಹಿಂದಿನ ಸಾಲಿನಿಂದ ಒಂದು ಶಿಳ್ಳೆ ಕೇಳಿಬಂತು! ಹೊಡೆದವರು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ನನ್ನ ಮಾವನವರ ಮೇಲೆ ನನಗೆ ಬಲವಾದ ಅನುಮಾನವಿದೆ.

ಆದರೆ ಮುಂದಿನದು ನಗುವ ವಿಷಯವಾಗಲಿಲ್ಲ. ಸಭೆಯ ಹಿರಿಯರು ಕೂಡಿದರು. ಅಯ್ಯನವರು ಗದರಲಿಲ್ಲ. "ಸಿಸ್ಟರ್, ನಿಮ್ಮ ಭಕ್ತಿ ಮೇಲೆ ನಮಗ್ಯಾರಿಗೂ ಸಂದೇಹ ಇಲ್ಲ. ಆದ್ರೆ ನಾಳೆ ಈ ಮಕ್ಕಳು ದೇವರನ್ನ ನೋಡೋಕೆ ಟಾಕೀಸಿಗೇ ಹೋಗ್ಬೇಕು ಅಂದ್ಕೊಂಡ್ರೆ ನಾನು ಯಾರಿಗೆ ಉತ್ತರ ಕೊಡ್ಲಿ?" ಎಂದರು. ಪಾಠವನ್ನು ಬೇರೆಯವರಿಗೆ ಒಪ್ಪಿಸಬೇಕೆಂದು ತೀರ್ಮಾನವಾಯಿತು. ಅದನ್ನು ತಿಳಿಸುವ ಕೆಲಸ ಕಾರ್ಯದರ್ಶಿಯದು, ಅಂದರೆ ಅಪ್ಪನದು. ಅಪ್ಪ ಹೊಸ್ತಿಲಲ್ಲೇ ನಿಂತು, ಗೋಡೆ ನೋಡುತ್ತ ಹೇಳಿದರು. ಅತ್ತೆ ಅಕ್ಕಿ ಆರಿಸುತ್ತಿದ್ದವರು, "ಆಯ್ತಪ್ಪ" ಎಂದರು. ಅಷ್ಟೇ.

ಆ ಪಾಠ ಅವರಿಗೆ ಮತ್ತೆಂದೂ ಸಿಗಲಿಲ್ಲ ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ.

ಅಲ್ಲಿಂದ ಅತ್ತೆ ಮಾತು ಬಿಟ್ಟರು. ಮುನಿಸಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಮೆಲ್ಲಗೆ. ಅವರ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುವುದನ್ನು ಕೇಳಿದರೆ ಮೈ ಜುಂ ಎನ್ನುತ್ತಿತ್ತು. ಹೊಸ ಸಿನಿಮಾ ಬಂದಿದೆಯೆಂದು ಜಟಕಾಗಾಡಿ ಮೈಕಿನಲ್ಲಿ ಕೂಗುತ್ತ ಬೀದಿಯಲ್ಲಿ ಹೋದರೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಇಷ್ಟು ವರ್ಷ ಅವರು ಎಲ್ಲಿ ಬಾಯಿ ತೆಗೆಯುತ್ತಾರೋ ಎಂದು ಹೆದರಿದ್ದ ನಾವು, ಈಗ ಬಾಯಿ ತೆಗೆಯುವುದೇ ಇಲ್ಲವೇನೋ ಎಂದು ಹೆದರತೊಡಗಿದೆವು. ಡಾಕ್ಟರು ನೋಡಿ, ಏನೂ ಇಲ್ಲ ಎಂದರು. ಏನೂ ಇಲ್ಲ ಎಂದರೆ ಇನ್ನೂ ಭಯವಲ್ಲವೇ? ನನ್ನ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಸುಮ್ಮನೆ ಮುಗುಳ್ನಕ್ಕರು. ನನ್ನ ಗಂಡನ ತಾಯಿಯೇ, ಅದೇ ಕಿವಿ ಮುಚ್ಚಿಕೊಳ್ಳುವವರೇ, ಅವರ ಪಕ್ಕ ಹೋಗಿ, "ಯಾಕೆ ಸಿಸ್ಟರ್, ಒಂದು ಕಥೆನೂ ಹೇಳಲ್ವಾ?" ಎಂದು ಕೇಳಿದರು. ಅತ್ತೆ ಅವರ ಕೈ ಸವರಿ, "ಊಟ ಮಾಡಿ" ಎಂದರು.

ಮದುವೆಯಾಗಿ ಕೆಲವು ತಿಂಗಳ ಮೇಲೆ ನಾನು ತವರಿಗೆ ಬಂದಿದ್ದೆ. ಒಂದು ಬೆಳಗ್ಗೆ, ಜ್ವರ ಬಂದರೂ ಕಚೇರಿಗೆ ರಜ ಹಾಕದ ಅಪ್ಪ, ಇಸ್ತ್ರಿ ಅಂಗಿ ತೊಟ್ಟು, "ಅಕ್ಕಾ, ಗೌರಿಬಿದನೂರಲ್ಲಿ ಒಂದು ಕೆಲ್ಸ ಐತೆ. ನೀನೂ ಬಾ. ನೀನೂ ಬಾಮ್ಮ" ಎಂದು ನನ್ನನ್ನೂ ಕರೆದರು. ಏನು ಕೆಲಸವೆಂದರೆ ಹೇಳರು. ಮಂಚೇನಹಳ್ಳಿಯಲ್ಲಿ ಬಸ್ಸು ನಿಂತಾಗ ಟೀ ಕುಡಿಯಲೂ ಇಳಿಯಲಿಲ್ಲ, ತಲೆಗೆ ಟವಲು ಸುತ್ತಿಕೊಂಡು ಕೂತಿದ್ದರು. ಅತ್ತೆಯನ್ನು ಯಾವುದೋ ದೊಡ್ಡ ಡಾಕ್ಟರಿಗೆ ತೋರಿಸಲು ಹೊರಟಿದ್ದಾರೆ, ನಮಗೆ ಹೇಳದ ಕಾಯಿಲೆ ಏನೋ ಇದೆ ಎಂದುಕೊಂಡೆ.

ಗೌರಿಬಿದನೂರಿನಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಅಪ್ಪ ದಾರಿ ಕೇಳಿಕೊಂಡು ಕೇಳಿಕೊಂಡು ನಡೆದು, ನಿಂತದ್ದು ಒಂದು ಟಾಕೀಸಿನ ಮುಂದೆ!

ಹುಟ್ಟಿದ ಮೇಲೆ ಮೊದಲ ಸಲ. ಟಿಕೆಟ್ ಕಿಂಡಿಯಲ್ಲಿ ಕೈ ತೂರಿಸಬೇಕೆನ್ನುವುದೂ ತಿಳಿಯದೆ ಅದರ ಮುಂದೆ ಬಗ್ಗಿ, "ಸಾರ್, ನಮಸ್ಕಾರ" ಎಂದರು. ಒಳಗೆ ಹೋಗುವ ಬಾಗಿಲಲ್ಲಿ ಚರ್ಚಿನ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟರು! ಹಿಂದಿದ್ದವರು ಗೊಳ್ಳೆಂದರು. ಅತ್ತೆ ಬಗ್ಗಿ ಆ ಚಪ್ಪಲಿಯನ್ನು ತಿರುಗಿಸಿ ತಮ್ಮನ ಕಾಲ ಮುಂದಿಟ್ಟು, "ಹಾಕ್ಕೊಳ್ಳಪ್ಪ, ಒಳಗೆ ಸೋಡಾ ಗೋಲಿ, ಗಾಜು ಏನೇನೋ ಬಿದ್ದಿರುತ್ತೆ" ಎಂದರು. ಅಷ್ಟುದ್ದದ ಮಾತು ಅವರ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ!

ಸಿನಿಮಾ ಏನೂ ಚೆನ್ನಾಗಿರಲಿಲ್ಲ. ಹೊಡೆದಾಟ, ಕುಣಿತ, ಮತ್ತೆ ಹೊಡೆದಾಟ. ಅತ್ತೆ ಸುಮ್ಮನೆ ನೋಡುತ್ತಿದ್ದರು. ಅಪ್ಪ ಸೀಟಿನ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಎದ್ದು ಓಡಲು ಸಿದ್ಧರಾದಂತೆ ಕೂತಿದ್ದರು. ಇಂಟರ್ವಲ್ ಆದ ಮೇಲೆ ನಾಯಕನ ಬಾಲ್ಯದ ಕಥೆ ಬಂತು. ಗುಡಿಸಲಿನಲ್ಲಿ ತಾಯಿ ಸಾಯುತ್ತ ಮಲಗಿದ್ದಾಳೆ. ಪಕ್ಕದಲ್ಲಿ ಒಂದು ಚಿಕ್ಕ ಮಗು, ಏನೂ ತಿಳಿಯದೆ ಅವಳ ಬಳೆ ಹಿಡಿದು ಆಡುತ್ತಿದೆ. ನನ್ನ ಪಕ್ಕದ ಸೀಟಿನಿಂದ ಏನೋ ಸದ್ದು ಕೇಳಿ ನಾನು ತಿರುಗಿದೆ. ಅಪ್ಪ ಅಳುತ್ತಿದ್ದರು. ಬಾಯಿಗೆ ಟವಲು ಒತ್ತಿಕೊಂಡಿದ್ದರೂ ಭುಜ ಅಲುಗುತ್ತಿತ್ತು.

"ಅಕ್ಕಾ," ಎಂದರು, "ಅಮ್ಮ ಹೋಗಿದ್ದು ಹಿಂಗೇನಾ?"

ಅವರ ತಾಯಿ ತೀರಿಕೊಂಡಾಗ ಅಪ್ಪನಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲವಂತೆ. ಎತ್ತಿ ಆಡಿಸಿ ಸಾಕಿದ್ದು ಅಕ್ಕ. ಇಷ್ಟು ವರ್ಷದಲ್ಲಿ ಇವರು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಅತ್ತೆ ತೆರೆಯಿಂದ ಕಣ್ಣು ತೆಗೆದು ತಮ್ಮನ ಕಡೆ ಪೂರ್ತಿ ತಿರುಗಿ ಕೂತರು. "ಇಲ್ಲ ಕಣಪ್ಪ. ಹಗಲು ಹೊತ್ತು. ಹಿತ್ತಲಲ್ಲಿ ಬಿಸಿಲಿಗೆ ಮಲಗಿಸಿದ್ವಿ. ನೀನು ಅಮ್ಮನ ಹೊಟ್ಟೆ ಮೇಲೆ ಕೂತ್ಕೊಂಡು..." ಎಂದು ಶುರುಮಾಡಿದರು. ಅದು ಅವರ ಹಳೆಯ ದನಿ! ಟಾಕೀಸಿನ ಮೂಲೆ ಮೂಲೆಗೂ ಕೇಳುವ ದನಿ!

ಹಿಂದಿನಿಂದ ಯಾರೋ "ಏಯ್, ಶ್ಶ್! ಯಾರ್ರೀ ಅದು? ಮಾತು ನಿಲ್ಸಿ!" ಎಂದು ಗದರಿದರು. ಅತ್ತೆ ತಟ್ಟನೆ ನಿಲ್ಲಿಸಿದರು.

ಅಪ್ಪ ಎದ್ದು ನಿಂತರು. ಎಂದೂ ಯಾರಿಗೂ ಎದುರಾಡದ ನಮ್ಮಪ್ಪ, ತೆರೆಗೆ ಬೆನ್ನು ಮಾಡಿ, ಒದ್ದೆ ಮುಖದಲ್ಲೇ ಆ ಕತ್ತಲೆಗೆಲ್ಲ ಕೇಳುವಂತೆ ಹೇಳಿದರು: "ನಮ್ಮಕ್ಕ ಮಾತಾಡ್ತಾವ್ಳೆ. ನೀವು ಸುಮ್ನಿರ್ರಿ."

ಆಮೇಲೆ ಕೂತು, ಅತ್ತೆಯ ಕೈ ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡು, "ನೀನು ಹೇಳಕ್ಕ" ಎಂದರು.